ಗುರುಪಾದಪ್ಪ ಸಾವುಕಾರರ ತಂಗಿಯರು

ಎಪ್ಪತ್ತರ ದಶಕದ ಮುದ್ದೇಬಿಹಾಳದಲ್ಲಿ ಗುರುಪಾದಪ್ಪ ಸಾವುಕಾರರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಸಾಲು ಬಾಡಿಗೆ ಮನೆಗಳಿದ್ದವು. ಪುರಸಭೆಯ ಲೆಕ್ಕದಲ್ಲಿ ಮಾತ್ರ ಅವರಿಗೆ ಬಾಡಿಗೆದಾರರೆಂಬವರು ಒಬ್ಬರೂ ಇರಲಿಲ್ಲ. ಬರುವ ಬಾಡಿಗೆ ನೋಡಿ ಮನೆಪಟ್ಟಿಯ ತೆರಿಗೆ ಬರೆಯುವ ಗುಮಾಸ್ತ ಬಂದನೆಂದರೆ ಸಾವುಕಾರರು ರುಮಾಲು ಸರಿಮಾಡಿಕೊಂಡು ಪ್ರತಿ ಬಾಗಿಲಲ್ಲೂ ನಿಂತು, "ಈಕಿ ನಮ್ಮ ತಂಗಿ ಅದಾಳ್ರಿ, ಪುಕ್ಕಟ ಇರ್ತಾಳ" ಎನ್ನುವರು. ಕಂಬಳಿ ಮಾರುವ ಶೇವಂತೆವ್ವ ತಂಗಿ, ಖಾನಾವಳಿಯ ಹೊನ್ನವ್ವ ತಂಗಿ, ಸಾವುಕಾರರು ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದ ಸೂಲಗಿತ್ತಿ ರಾಮವ್ವನೂ ತಂಗಿಯೇ. "ಅಣ್ಣ ಅಂಬಾವ ತಂಗಿ ಕಡಿಂದ ಬಾಡಿಗಿ ತಗೋತಾನೇನ್ರಿ?" ಎಂದು ಶೇವಂತೆವ್ವ ಗುಮಾಸ್ತನನ್ನೇ ಕೇಳುವಳು, ಬಾಡಿಗೆಯನ್ನು ಮುಂಜಾನೆಯೇ ಮುಟ್ಟಿಸಿರುತ್ತಿದ್ದಳು. ಪಟ್ಟಿ ಕಟ್ಟುವವರು ಊರಿನ ಉಳಿದವರು. ಬೀದಿದೀಪ ಉರಿಯದಿದ್ದರೆ ಪುರಸಭೆಗೆ ಹೋಗಿ ಕೂಗಾಡುವವರು ಸಾವುಕಾರರು. ಒಡಹುಟ್ಟಿದವರು ಯಾರೂ ಇಲ್ಲದ ಅವರು ಅಣ್ಣ ತಂಗಿಯರ ಹಬ್ಬವಾದ ನಾಗರಪಂಚಮಿಯ ದಿನ ಗುಳೇದಗುಡ್ಡದ ಕುಪ್ಪಸದ ಖಣಗಳ ಗಂಟು ಹಿಡಿದು ಆ ಸಾಲಿನ ಮನೆಮನೆಗೂ ಹೋಗುವರು, ಖಣ ಕೊಟ್ಟು, ಇಕ್ಕಿದ ಉಂಡಿಗಳನ್ನೆಲ್ಲ ಕೂತು ತಿಂದು ಬರುವರು. "ಇಷ್ಟೆಲ್ಲಾ ಖರ್ಚು ಯಾಕ ಬೇಕಾಗಿತ್ರಿ?" ಎಂದು ಹೆಂಡತಿ ಬಾಳಮ್ಮ ಕೇಳಿದರೆ, "ಪುರಸಭಾದವ್ರು ನೋಡ್ಲಿ ಅಂತ. ನಿನಗ ತಿಳಿಯೂದಿಲ್ಲ, ಸುಮ್ಮ ಇರು" ಎಂದು ಗದರುವರು. ಪಂಚಮಿಯ ದಿನ ಪುರಸಭೆಗೆ ಬೀಗ ಹಾಕಿರುತ್ತಿತ್ತು.