ದೈವದ ಕೋಣೆಯಲ್ಲಿ ಕಾಣೆಯಾದ ಪರವಾನಗಿ

ಕ್ಷಮಿಸಿದರೆ ಮನಸ್ಸು ಹಗುರವಾಗುತ್ತದೆ ಎಂದು ಹೇಳುವವರು ಹೇಳಿಕೊಳ್ಳಲಿ. ನನ್ನ ಮನಸ್ಸು ಹಗುರವಾದದ್ದು ಸೇಡು ತೀರಿಸಿಕೊಂಡ ಮೇಲೆಯೇ. ಸೇಡು ನನ್ನ ಸ್ವಂತ ಮಾವನ ಮೇಲೆ. ಮಾವ ಎಂದರೆ ಅಮ್ಮನ ಅಣ್ಣ, ಕಾರ್ಕಳದಲ್ಲಿ ಕಲ್ಲಿನ ಕೋರೆ ನಡೆಸುವವರು, ನಮ್ಮ ಕುಟುಂಬದ ಮನೆಯ ಯಜಮಾನರು. ಅವರು ನನ್ನಿಂದ ಕದ್ದದ್ದು ಒಂದೇ ಒಂದು ಹಾಳೆ.

ವಿಮಾನ ಹಾರಿಸಲು ಪೈಲಟ್ ಲೈಸೆನ್ಸ್ ಒಂದೇ ಸಾಲದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾಕ್‌ಪಿಟ್‌ನಲ್ಲಿ ಕುಳಿತು ರೇಡಿಯೋದಲ್ಲಿ ಮಾತನಾಡುವುದಕ್ಕೆ ಬೇರೆಯೇ ಪರವಾನಗಿ ಬೇಕು, ಅದಕ್ಕೆ ಬೇರೆಯೇ ಪರೀಕ್ಷೆ. ಅದು ಕೈಯಲ್ಲಿ ಇಲ್ಲದಿದ್ದರೆ ನೀವು ಎಷ್ಟೇ ಚೆನ್ನಾಗಿ ಹಾರಿಸಿ, ಯಾವ ಕಂಪನಿಯೂ ಬಾಗಿಲಿನೊಳಗೆ ಬಿಡುವುದಿಲ್ಲ. ಹಾರಾಟದ ತರಬೇತಿ ಮುಗಿಸಿ ಬಂದಿದ್ದ ನಾನು ಆ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಫೇಲಾದ ಬಗೆ ನಮ್ಮ ಕರಾವಳಿಯವರಿಗೆ ಮಾತ್ರ ಬರುವಂಥದ್ದು.

ಅಪ್ಪನದು ಕಾಪುವಿನಲ್ಲಿ ಬೋಟುಗಳ ವಯರ್‌ಲೆಸ್ ರಿಪೇರಿಯ ಅಂಗಡಿ. ನಾನು ಮಾತು ಕಲಿತದ್ದೇ ಆ ಸೆಟ್ಟುಗಳ ಗದ್ದಲದ ನಡುವೆ. ಕಡಲಿನಲ್ಲಿ ಒಂದು ಬೋಟಿನವರು ಇಂಜಿನ್ ಹೋಯಿತು ಎಂದರೆ ಸುತ್ತಲಿನ ಬೋಟುಗಳೆಲ್ಲ ಒಟ್ಟಿಗೆ ಬಾಯಿ ಹಾಕುತ್ತವೆ. ಎಲ್ಲಿದ್ದೀರಿ, ಎಷ್ಟು ಜನ ಇದ್ದೀರಿ, ಹೆದರಬೇಡಿ, ನಾವು ಬರುತ್ತೇವೆ. ಸುಮ್ಮನಿದ್ದವನು ಮನುಷ್ಯನೇ ಅಲ್ಲ. ಪರೀಕ್ಷೆಯಲ್ಲಿ ನನ್ನ ಎದುರಿಗೆ ಕುಳಿತವರು, ಬೇರೊಂದು ವಿಮಾನ ಅಪಾಯದಲ್ಲಿದೆ ಎಂದು ಕೂಗುತ್ತಿದೆ, ವಿಮಾನ ನಿಲ್ದಾಣದ ಟವರ್ ಅದಕ್ಕೆ ಉತ್ತರ ಕೊಡುತ್ತಿದೆ, ನೀನು ಏನು ಮಾಡುತ್ತಿ ಎಂದು ಕೇಳಿದರು. ನಾನು ತಡಮಾಡದೆ ಬಾಯಿ ಹಾಕಿದೆ. ಆಕಾಶದಲ್ಲಿ ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕಿವಿ ತೆರೆದಿಡಬೇಕಂತೆ. ಹೊರಗೆ ಬಂದಾಗ ಯಾರೋ ಹಿಂದಿನಿಂದ ಮೀನು ಮಾರ್ಕೆಟಿನ ಹುಡುಗಿಯ ದನಿ ಎಂದದ್ದೂ ಕೇಳಿಸಿತು.

ಊರಿಗೆ ಬಂದು ಮಣಿಪಾಲದಲ್ಲಿ ಗೆಳತಿಯ ಬಾಡಿಗೆ ಕೋಣೆ ಸೇರಿದೆ. ಗೋಡೆಯ ಕಡೆ ಮುಖ ಮಾಡಿ ಕುಳಿತು, ಮೊದಲು ಕೇಳುವುದು, ಆಮೇಲೆ ಕಡಿಮೆ ಮಾತನಾಡುವುದು, ಇದನ್ನೇ ಅಭ್ಯಾಸ ಮಾಡಿದೆ. ಭಾನುವಾರ ಕಾಪುವಿಗೆ ಹೋದರೆ ಅಪ್ಪ ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಕುಳಿತು ಟವರ್ ಆಗುತ್ತಿದ್ದರು. ಅವರ ಇಂಗ್ಲಿಷಿಗೆ ನನಗೆ ನಗು ಬರುತ್ತಿತ್ತು, ನಕ್ಕರೆ ಅವರು ಸಂಪರ್ಕ ಕಡಿದುಬಿಡುತ್ತಿದ್ದರು. ಎರಡನೆಯ ಸಲ ಪಾಸಾದೆ. ಸೀಲು ಬಿದ್ದ, ನನ್ನ ಫೋಟೋ ಇರುವ ಆ ಹಾಳೆ ಬಂದ ದಿನ ಅಪ್ಪ ಅಂಗಡಿಗೆ ರಜೆ ಹಾಕಿ ಬೋಟಿನವರಿಗೆಲ್ಲ ಲಡ್ಡು ಹಂಚಿದರು.

ಸ್ವಲ್ಪ ಸಮಯದಲ್ಲಿಯೇ ಹೊಸ ಪೈಲಟ್‌ಗಳ ತಂಡವೊಂದಕ್ಕೆ ಸೇರಲು ಒಂದು ಕಂಪನಿಯಿಂದ ಕರೆ ಬಂತು. ಎಲ್ಲ ಮೂಲ ಪ್ರತಿಗಳನ್ನೂ ಹಿಡಿದುಕೊಂಡು ಬರಬೇಕು, ಒಂದು ಕಡಿಮೆಯಾದರೂ ಆ ತಂಡದಲ್ಲಿ ಸೀಟಿಲ್ಲ. ಕಾರ್ಕಳದ ಕುಟುಂಬದ ಮನೆಯಲ್ಲಿ ಅದೇ ವಾರ ತಂಬಿಲ, ಅಂದರೆ ವರ್ಷಕ್ಕೊಮ್ಮೆ ದೈವಕ್ಕೆ ನಡೆಯುವ ಸೇವೆ. ನಮ್ಮಲ್ಲಿ ಗಲ್ಫಿಗೆ ಹೋಗುವವರು ಪಾಸ್‌ಪೋರ್ಟ್, ವೀಸಾ ಎಲ್ಲ ತಂದು ಒಂದು ರಾತ್ರಿ ದೈವದ ಕೋಣೆಯಲ್ಲಿ, ದೈವಕ್ಕೆಂದೇ ಇರುವ ಮಂಚದ ಮೇಲೆ ಇಡುತ್ತಾರೆ. ಮರುದಿನ ಯಜಮಾನರು ಪ್ರಾರ್ಥನೆ ಮಾಡಿ, ಮೇಲೆ ಒಂದು ಹೂವಿಟ್ಟು ಹಿಂದಕ್ಕೆ ಕೊಡುತ್ತಾರೆ. ಕೊಟ್ಟದ್ದನ್ನು ಅಲ್ಲಿಯೇ ಬಿಚ್ಚಿ ನೋಡಬಾರದು. ನೋಡಿದರೆ ದೈವವನ್ನೇ ಸಂಶಯಪಟ್ಟ ಹಾಗೆ. ಅಮ್ಮನ ಒತ್ತಾಯಕ್ಕೆ ನಾನೂ ನನ್ನ ಫೈಲನ್ನು ಮಂಚದ ಮೇಲೆ ಇಟ್ಟೆ.

ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಬಹಳ ಅಕ್ಕರೆಯಿಂದ ಕೇಳಿದ್ದರು, "ಇಷ್ಟು ಕಾಗದ ಉಂಟಲ್ಲ ಮಗಾ, ಇದರಲ್ಲಿ ಮುಖ್ಯದ್ದು ಯಾವುದು?"

"ಎಲ್ಲವೂ ಮುಖ್ಯವೇ ಮಾವ. ಆದರೆ ರೇಡಿಯೋದ್ದು ಒಂದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನ ಇಲ್ಲ," ಎಂದೆ. ಪಾಸಾದ ಜಂಬ ಇನ್ನೂ ಇಳಿದಿರಲಿಲ್ಲ.

ಮರುದಿನ ಹೂವಿನ ಜೊತೆ ಫೈಲ್ ಬಂತು. ಬಿಚ್ಚದೆ ತೆಗೆದುಕೊಂಡು ಕಾಪುವಿಗೆ ಬಂದೆ. ಚೀಲ ತುಂಬುವಾಗ ನೋಡಿದರೆ ರೇಡಿಯೋ ಪರವಾನಗಿ ಇಲ್ಲ. ಮನೆಯೆಲ್ಲ ಹುಡುಕಿ ಆದ ಮೇಲೆ ಮಾವನಿಗೆ ಫೋನ್ ಮಾಡಿದೆ. "ಮಾವ, ಫೈಲಿನಲ್ಲಿ ಒಂದು ಕಾಗದ ಕಾಣುವುದಿಲ್ಲ," ಎಂದೆ, ಅಷ್ಟೇ.

"ರೇಡಿಯೋದ್ದಾ? ಅದನ್ನು ನೀನು ತರಲೇ ಇಲ್ಲವೋ ಏನೋ," ಎಂದರು.

ಯಾವ ಕಾಗದ ಎಂದು ನಾನಿನ್ನೂ ಹೇಳಿರಲಿಲ್ಲ. ದೈವದ ಕೋಣೆಯ ಬೀಗದ ಕೈ ಅವರ ಸೊಂಟ ಬಿಟ್ಟು ಬೇರೆಲ್ಲಿಯೂ ಇರುವುದಿಲ್ಲ. ಅವರೇ ಮುಂದುವರಿಸಿದರು. "ನೋಡು ಮಗಾ, ದೈವಕ್ಕೆ ನಿನ್ನನ್ನು ಕಳುಹಿಸಲು ಮನಸ್ಸಿಲ್ಲವೋ ಏನೋ. ಇನ್ನಾದರೂ ನಮ್ಮ ಹುಡುಗನ ವಿಷಯ ಯೋಚನೆ ಮಾಡು."

ಹುಡುಗ ಎಂದರೆ ಅವರ ಮಗ. ನಮ್ಮದು ಅಳಿಯಕಟ್ಟು. ಕುಟುಂಬದ ಮನೆ ಹೆಣ್ಣಿನ ಸಾಲಿಗೆ ಸೇರಿದ್ದು, ಅಮ್ಮನಿಂದ ನನಗೆ, ನನ್ನಿಂದ ನನ್ನ ಮಕ್ಕಳಿಗೆ. ಕಾನೂನು ಏನೇ ಬದಲಾಗಿರಲಿ, ನಮ್ಮ ದೈವದ ಮನೆಯಲ್ಲಿ ಇನ್ನೂ ಅದೇ ಕಟ್ಟು. ಮಾವ ಅಲ್ಲಿ ಯಜಮಾನರಾಗಿರಬಹುದು, ಅವರ ಮಗ ಆ ಮನೆಯವನಲ್ಲ. ನಾನು ಅವನನ್ನು ಮದುವೆಯಾದರೆ ಮಾತ್ರ ಮಾವನ ಮೊಮ್ಮಕ್ಕಳು ಆ ಮನೆಯವರಾಗುತ್ತಾರೆ. ಪಾಪ, ಆ ಹುಡುಗನಿಗೂ ನಾನು ಬೇಡವಾಗಿತ್ತು. ಬೇಕಾಗಿದ್ದದ್ದು ಮಾವನಿಗೆ. ನಾನು ವಿಮಾನ ಹತ್ತಿದರೆ ಕೈಗೆ ಸಿಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಂಪನಿಯ ಆ ತಂಡ ನನ್ನನ್ನು ಬಿಟ್ಟು ಹೋಯಿತು. ಬದಲಿ ಪರವಾನಗಿ ತಂದರೆ ಮುಂದಿನ ತಂಡದಲ್ಲಿ ನೋಡೋಣ ಎಂದರು. ಅಂದು ನಾನು ಅಳಲಿಲ್ಲ. ಅಮ್ಮ ಅತ್ತರು. "ಅವನ ಹೆಸರು ಮಾತ್ರ ಹಾಳು ಮಾಡಬೇಡ. ನನಗೆ ಇರುವುದು ಒಬ್ಬನೇ ಅಣ್ಣ," ಎಂದರು. ನನಗೆ ಇದ್ದದ್ದೂ ಒಂದೇ ಪರವಾನಗಿ ಎಂದೆ.

ಬದಲಿ ಬೇಕಾದರೆ ಕಳೆದುಹೋಗಿದೆ ಎಂದು ಠಾಣೆಯಲ್ಲಿ ಬರೆಸಬೇಕು, ನೋಟರಿಯ ಎದುರು ಅಫಿಡವಿಟ್ ಮಾಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕಾರ್ಕಳದ ಠಾಣೆಯಲ್ಲಿ ಕಳವು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕಳವು ಎಂದರೆ ಕೇಸು, ಕೇಸು ಎಂದರೆ ವರ್ಷಗಟ್ಟಲೆ, ಬದಲಿ ಬರುವಷ್ಟರಲ್ಲಿ ನಾನು ಮುದುಕಿ. ಹಲ್ಲು ಕಚ್ಚಿ, ದೈವದ ಕೋಣೆಯಿಂದ ಕಾಣೆಯಾಗಿದೆ ಎಂದು ಮಾತ್ರ ಬರೆಸಿದೆ. ಉಡುಪಿಯ ನೋಟರಿ ಎಲ್ಲಿ ಕಾಣೆಯಾಯಿತು ಎಂದು ಕೇಳಿದಾಗ ನನಗೆ ದಾರಿ ಹೊಳೆಯಿತು. ಎಲ್ಲಿ ಎಂಬುದನ್ನು ಪತ್ರಿಕೆಯಲ್ಲಿ ಹೇಳಲು ಯಾರೂ ಅಡ್ಡ ಬರುವಂತಿಲ್ಲವಲ್ಲ.

ಪತ್ರಿಕೆಯ ಜಾಹೀರಾತು ಕೌಂಟರಿನಲ್ಲಿ ನಿಂತು ಪ್ರಕಟಣೆ ನಾನೇ ಬರೆದೆ. ಊರಿನ ಹೆಸರು, ಮನೆಯ ಹೆಸರು ಹಾಕಿ, ತಂಬಿಲದ ಮುನ್ನಾದಿನ ದೈವದ ಮಂಚದ ಮೇಲೆ ಇಟ್ಟಿದ್ದ ನನ್ನ ವಿಮಾನ ರೇಡಿಯೋ ಪರವಾನಗಿಯು ಬೀಗ ಹಾಕಿದ ಕೋಣೆಯಿಂದ ಕಾಣೆಯಾಗಿರುತ್ತದೆ, ಸಿಕ್ಕಿದವರು ದಯವಿಟ್ಟು ಅದೇ ಮಂಚದ ಮೇಲೆ ಇಡಬೇಕಾಗಿ ವಿನಂತಿ ಎಂದು. ಒಂದೇ ಒಂದು ಸುಳ್ಳಿಲ್ಲ. ಯಾರ ಹೆಸರೂ ಇಲ್ಲ. ಕೌಂಟರಿನ ಹೆಂಗಸು ಓದಿ ನನ್ನ ಮುಖ ನೋಡಿ, "ಬೀಗ ಹಾಕಿದ ಕೋಣೆಯಾ?" ಎಂದು ಕೇಳಿ, ತುಟಿ ಬಿಗಿಹಿಡಿದು ಟೈಪ್ ಮಾಡಿದರು.

ಕಾರ್ಕಳದಲ್ಲಿ ಆ ಬೆಳಗ್ಗೆ ಕಾಫಿ ತಣ್ಣಗಾಗುವ ಮೊದಲೇ ಪ್ರಕಟಣೆಯ ಫೋಟೋ ಎಲ್ಲರ ಮೊಬೈಲಿಗೆ ಹೋಗಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಮಾವನನ್ನು, ನಿಮ್ಮ ದೈವ ಪೈಲಟ್ ಆಗುವ ಅಂದಾಜಿನಲ್ಲಿ ಉಂಟಾ ಎಂದು ಕೇಳಿದರಂತೆ. ಕೋರೆಯ ಲಾರಿಯವರೂ ನಕ್ಕರಂತೆ. ಮಧ್ಯಾಹ್ನಕ್ಕೆ ಮಾವನ ಫೋನ್ ಬಂತು. "ನೀನು ಯಾರಿಗೆ ಹೇಳಿದ್ದು ಅದು? ನನಗೆ ಅಲ್ವಾ?" ಎಂದು ಬೊಬ್ಬೆ ಹೊಡೆದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ನಿಮಗೆ ಎಂತಕ್ಕೆ ಹೇಳುವುದು ಮಾವ, ಸಿಕ್ಕಿದವರಿಗೆ ಹೇಳಿದ್ದು," ಎಂದೆ. ಫೋನಿಟ್ಟು ಬಂಗುಡೆ ಸಾರಿನಲ್ಲಿ ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ. ಅಷ್ಟು ರುಚಿಯ ಊಟ ನಾನು ಮಾಡಿದ್ದು ಕಡಿಮೆ.

ತಿಂಗಳುಗಳ ಮೇಲೆ ಬದಲಿ ಪರವಾನಗಿ ಬಂತು, ಮುಂದಿನ ತಂಡದಲ್ಲಿ ಸೀಟೂ ಸಿಕ್ಕಿತು. ಇನ್ನು ಬಿಟ್ಟುಬಿಡು ಎಂದು ಅಪ್ಪನೂ ಹೇಳಿದರು. ಬಿಡುತ್ತಿದ್ದೆನೋ ಏನೋ, ಹೊರಡುವುದಕ್ಕೆ ಸ್ವಲ್ಪ ಮೊದಲು ಮಾವನೇ ಕಾಪುವಿನ ಮನೆಗೆ ಬಂದರು. ಪ್ಲಾಸ್ಟಿಕ್ ಕವರಿನಿಂದ ನನ್ನ ಮೂಲ ಹಾಳೆಯನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ಸಿಕ್ಕಿತು. ಇನ್ನೊಂದು ಪ್ರಕಟಣೆ ಕೊಡು ಮಗಾ, ಸಿಕ್ಕಿತು ಅಂತ. ಮುಂದಿನ ತಂಬಿಲಕ್ಕೆ ನಾನು ಪ್ರಾರ್ಥನೆಗೆ ನಿಲ್ಲುವುದು ಬೇಡ ಅಂತ ಕುಟುಂಬದವರು ಮಾತಾಡ್ತಾ ಇದ್ದಾರೆ."

ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಅಮ್ಮ ಓಡಿ ಹೋಗಿ ಚಾ ತಂದರು. ನನಗೆ ಕನಿಕರ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಬದಲಿ ಬಂದ ಮೇಲೆ ಮೂಲ ಸಿಕ್ಕಿದರೆ ಠಾಣೆಗೆ ತಿಳಿಸಿ ಅದನ್ನು ಇಲಾಖೆಗೆ ಹಿಂದಿರುಗಿಸಬೇಕು ಎಂದೆ. ಸಿಕ್ಕಿದವರೇ ಠಾಣೆಗೆ ಬಂದು ಹೇಳಬೇಕು ಎಂದೂ ಸೇರಿಸಿದೆ. ನಿಯಮದಲ್ಲಿ ಹಾಗೇನೂ ಇರಲಿಲ್ಲ, ಅದು ನನ್ನದೇ ನಿಯಮ.

ಮರುದಿನ ಮಾವ, ಅಮ್ಮ, ನಾನು ಕಾರ್ಕಳದ ಠಾಣೆಗೆ ಹೋದೆವು. ನನ್ನ ಹಿಂದಿನ ದೂರು ಬರೆದುಕೊಂಡಿದ್ದ ಹೆಡ್ ಕಾನ್‌ಸ್ಟೇಬಲ್ ಅವರೇ ಇದ್ದರು. ಕೋರೆಯ ಧಣಿಗಳು ಎಂದು ಮಾವನಿಗೆ ಎದ್ದು ಕುರ್ಚಿ ಕೊಟ್ಟರು. ಹಳೆಯ ದೂರನ್ನು ತೆಗೆದು ಎದುರಿಗೆ ಇಟ್ಟುಕೊಂಡರು.

"ಎಲ್ಲಿ ಸಿಕ್ಕಿದ್ದು?"

"ಕೋರೆಯ ಆಫೀಸಿನಲ್ಲಿ. ನನ್ನ ಡ್ರಾಯರಿನಲ್ಲಿ," ಎಂದರು ಮಾವ.

"ಇದರಲ್ಲಿ ದೈವದ ಕೋಣೆ ಅಂತ ಉಂಟಲ್ಲ. ಅಲ್ಲಿಂದ ಕೋರೆಗೆ ಹೇಗೆ ಹೋಯ್ತು?"

ಮಾವ ನನ್ನನ್ನು ನೋಡಿದರು. ಅವರು ಏನು ಬೇಡುತ್ತಿದ್ದಾರೆ ಎಂದು ನನಗೆ ತಿಳಿಯಿತು. ಫೈಲ್ ತೆಗೆಯುವಾಗ ಜಾರಿ ಅವರ ಕಾಗದಗಳ ಜೊತೆ ಸೇರಿಹೋಗಿರಬೇಕು ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಮ್ಮ ನನ್ನ ಮೊಣಕೈ ಹಿಡಿದು ಅಲುಗಾಡಿಸಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

"ನಾನೇ ತೆಗೆದದ್ದು," ಎಂದರು ಮಾವ.

ಬಾಗಿಲಿನ ಹತ್ತಿರ ನಿಂತಿದ್ದ ಪೊಲೀಸರೂ ಇತ್ತ ತಿರುಗಿದರು. ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ಹಾಕಿ, ದನಿ ತಗ್ಗಿಸಿ ನನಗೆ ಹೇಳಿದರು, "ಮನೆಯ ವಿಷಯ ಅಲ್ವಾ ಅಮ್ಮಾ. ಸಿಕ್ಕಿತು ಅಂತ ಮಾತ್ರ ಬರೆದು ಬಿಡುವನಾ?"

"ಹೌದು, ಅಷ್ಟೇ ಸಾಕು," ಎಂದು ಅಮ್ಮ ನನಗಿಂತ ಮೊದಲೇ ಹೇಳಿದರು.

"ಬೇಡ," ಎಂದೆ. "ಮಾವ ಹೇಳಿದ ಹಾಗೆಯೇ ಬರೆಯಿರಿ."