ಎದ್ದು ನಿಂತ ಹೆಜ್ಜೆಗಳು

ಚೈತ್ರಾ, ಸಿಗಂದೂರಿನ ಸೇತುವೆಯ ಮೇಲೆ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸುಳ್ಳು. ನಿನ್ನ ಅಪ್ಪನ ಬಲಗೈ ಬೆರಳುಗಳು ಹೋದದ್ದು ಅವನ ಗಡಿಬಿಡಿಯಿಂದಲ್ಲ — ನನ್ನಿಂದ. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತೆಂದರೆ ನಾನು ಎಂಥ ಮನುಷ್ಯ ಅಂತ ನೀನೇ ತಿಳಿದುಕೋ.

ಅಂಟಾರ್ಕ್ಟಿಕಕ್ಕೆ ನಾವಿಬ್ಬರೂ ದೊಡ್ಡ ವಿಜ್ಞಾನಿಗಳೆಂದು ಹೋದವರಲ್ಲ. ಹೊಸನಗರದ ನಾನು ಜನರೇಟರ್ ಮೆಕ್ಯಾನಿಕ್, ಸಾಗರದ ನಿನ್ನಪ್ಪ ವಿಶ್ವ ಬಡಗಿ. ಅಲ್ಲಿಯ ಸಂಶೋಧನಾ ನೆಲೆಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಹಾಗಾಗಿ ದಿನವಿಡೀ ಒಬ್ಬರ ತಲೆ ಒಬ್ಬರು ತಿನ್ನುತ್ತಿದ್ದೆವು. ಅಲ್ಲಿಯ ಹಿಮ ಹಾಸಿಗೆಯ ಹಾಗೆ ನಯವಾಗಿರುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ನಯ! ಒಂದೇ ದಿಕ್ಕಿನಿಂದ ತಿಂಗಳುಗಟ್ಟಲೆ ಬೀಸುವ ಗಾಳಿ ಅದನ್ನು ಕೊರೆದು, ಕೆರೆದು, ಉದ್ದುದ್ದ ಏಣುಗಳನ್ನಾಗಿ ಮಾಡಿಟ್ಟಿರುತ್ತದೆ — ಮೊಣಕಾಲೆತ್ತರ, ಕಲ್ಲಿನಷ್ಟು ಗಟ್ಟಿ, ಪ್ರತಿಯೊಂದರ ಚೂಪು ಮೂತಿಯೂ ಗಾಳಿ ಬರುವ ಕಡೆಗೆ. ಗಂಧದ ಕೆತ್ತನೆಯ ಮನೆಯಲ್ಲಿ ಹುಟ್ಟಿದ ವಿಶ್ವ ಅವುಗಳ ಮೇಲೆ ಕೈಯಾಡಿಸುತ್ತ, "ಎಷ್ಟ್ ಚಂದ ಉಳಿ ಹೊಡ್ದಿದೆ ನೋಡು ಮಾರಾಯ, ಈ ಗಾಳಿಗೆ ಕಲ್ಸಿದ ಗುರು ಯಾರೋ ಏನೋ!" ಅನ್ನುತ್ತಿದ್ದ. ನನಗೆ ಅವು ಕಾಲು ಮುರಿಯುವ ದಿಬ್ಬಗಳು, ಅಷ್ಟೆ.

ನೆಲೆಯಿಂದ ತುಸು ದೂರದಲ್ಲಿ ಹವಾಮಾನದ ಉಪಕರಣಗಳಿದ್ದ ಒಂದು ಸಣ್ಣ ಕೋಣೆಯಿತ್ತು. ಅಲ್ಲಿಯವರೆಗೆ ಬಿದಿರು ಕೋಲಿಗೆ ಕೆಂಪು ಬಾವುಟ ಕಟ್ಟಿ ಸಾಲಾಗಿ ನೆಟ್ಟಿದ್ದರು. ಬಿಳಿ ಮಬ್ಬು ಕವಿದರೆ ನೆಲ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ. ಆಗ ಆ ಬಾವುಟಗಳೇ ದಾರಿ. ಗಾಳಿ ನಿಂತ ಮೇಲೆ ಹೋಗಿ, ಬಿದ್ದ ಕೋಲುಗಳನ್ನು ಮತ್ತೆ ನೆಟ್ಟು ಬರಬೇಕು. ಆ ದಿನ ಅದು ನನ್ನ ಪಾಳಿ.

ಏಣುಗಳ ಮೇಲೆ ಹೊಸ ಹಿಮ ಮೆತ್ತಗೆ ಬಿದ್ದಿತ್ತು. ಕಾಲು ಹೂತುಹೋಗುತ್ತಿತ್ತು, ಮುಖ ಸುಡುತ್ತಿತ್ತು. ಅರ್ಧ ದಾರಿ ಹೋದೆ. ಮುಂದಿನ ಬಾವುಟ ಕಾಣಲಿಲ್ಲ. ಇರುತ್ತದೆ ಬಿಡು, ಎಲ್ಲಿ ಹೋಗುತ್ತದೆ — ಅಂದುಕೊಂಡು ತಿರುಗಿಬಿಟ್ಟೆ. ಸುಸ್ತಾಗಿತ್ತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಸ್ತಲ್ಲ, ಸೋಮಾರಿತನ. ಬಂದವನು ವಿಶ್ವನಿಗೆ ಹೇಳಿದೆ: "ಎಲ್ಲಾ ನಿಂತಿದಾವೆ. ನೀನು ಧೈರ್ಯವಾಗಿ ಹೋಗು."

ಅವನು ನಂಬಿದ. ನಂಬದೆ ಇನ್ನೇನು?

ರಾತ್ರಿಯಿಡೀ ಗಾಳಿ ಬೀಸಿ ಬೆಳಗ್ಗೆ ಶುಭ್ರವಾಗಿತ್ತು. ಆ ಕೋಣೆಯ ಬಾಗಿಲು ಕಿತ್ತುಹೋಗಿದೆಯೆಂದು ವಿಶ್ವ ಒಬ್ಬನೇ ರಿಪೇರಿಗೆ ಹೋದ. ಕೆಲಸದ ನಡುವೆ ಮಬ್ಬು ಕವಿಯಿತು. ಬಾಗಿಲಿಲ್ಲದ ಕೋಣೆಯಲ್ಲಿ ಕೂತರೆ ಹೆಪ್ಪುಗಟ್ಟಿ ಸಾಯಬೇಕು, ಹೊರಟ. ನಾವು ಹಗ್ಗ ಕಟ್ಟಿಕೊಂಡು ಹುಡುಕಲು ಹೊರಡುವಷ್ಟರಲ್ಲಿ ಅವನೇ ಅಂಬೆಗಾಲಿಡುತ್ತ ನಮ್ಮ ಬಾಗಿಲಿಗೆ ಬಂದು ಬಿದ್ದ. ಬಲಗೈಗೆ ಗವಸೇ ಇರಲಿಲ್ಲ. ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು. ಆಮೇಲೆ ಕಪ್ಪಾದವು. ಆಮೇಲೆ... ನಿನಗೆ ಗೊತ್ತು.

ಮಾರನೆಯ ದಿನ ಬಾವುಟ ನೋಡುವ ನೆವದಲ್ಲಿ ಹೊರಗೆ ಹೋದೆ. ಅಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಯ್ಯೋ, ನನ್ನ ಹೆಜ್ಜೆಗಳು ಮುಚ್ಚಿಹೋಗಿರಲಿಲ್ಲ — ಎದ್ದು ನಿಂತಿದ್ದವು! ನಾನು ತುಳಿದಲ್ಲಿ ಹಿಮ ಬಿಗಿದು ಗಟ್ಟಿಯಾಗಿತ್ತು. ಸುತ್ತಲಿನ ಸಡಿಲ ಹಿಮವನ್ನೆಲ್ಲ ಗಾಳಿ ಕೆರೆದುಕೊಂಡು ಹೋಗಿತ್ತು. ಒಂದೊಂದು ಹೆಜ್ಜೆಯೂ ಮಣೆಯಷ್ಟು ಎತ್ತರ. ಅರ್ಧ ದಾರಿಯವರೆಗೆ ಸಾಲು, ಅಲ್ಲೊಂದು ತಿರುವು, ಮತ್ತೆ ನೆಲೆಯ ಕಡೆಗೆ ಸಾಲು. ಅದರಾಚೆ ಒಂದೇ ಒಂದು ಹೆಜ್ಜೆಯಿಲ್ಲ, ಒಂದೇ ಒಂದು ಬಾವುಟವೂ ಇಲ್ಲ.

ಸಲಿಕೆ ತಂದು ಅವನ್ನು ಒಡೆದೆ. ಒಂದನ್ನೂ ಬಿಡದೆ.

ತಂಡದ ನಾಯಕರು ವಿಚಾರಿಸಿದಾಗ, ಎಲ್ಲ ಕೋಲುಗಳನ್ನೂ ನೋಡಿ ಬಂದಿದ್ದೆ ಅಂದೆ. ಕೈಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ವಿಶ್ವ ನನ್ನ ಮುಖವನ್ನೊಮ್ಮೆ ನೋಡಿ, "ತಪ್ಪು ನಂದೇ ಸಾರ್, ಬಾವುಟ ಬಿಟ್ಟು ಹೋದೆ" ಎಂದ. ಅವನಿಗೆ ನಿಜ ತಿಳಿದಿಲ್ಲ, ಸಂಕಟದಲ್ಲಿ ಏನೋ ಹೇಳುತ್ತಿದ್ದಾನೆ ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ ಮಗಳೇ — ಬದುಕಿದೆಯಾ ಬಡಜೀವ ಅನ್ನಿಸಿತು. ಅವನನ್ನು ಬೇಜವಾಬ್ದಾರಿ ಮನುಷ್ಯ ಅಂತ ಊರಿಗೆ ಕಳಿಸಿದರು. ನನ್ನನ್ನು ಮರುವರ್ಷವೂ ಕರೆದರು. ನಾನು ಹೋದೆ ಕೂಡ.

ಮೊನ್ನೆ ಜೀಪಿನಲ್ಲಿ ನಾವು ಮೂವರೂ ಸಿಗಂದೂರಿಗೆ ಹೊರಟಿದ್ದೆವಲ್ಲ. ಸೇತುವೆಯ ಮೇಲೆ ಇಳಿದು ನಿಂತಾಗ ಹಿನ್ನೀರಿನ ಮೇಲೆ ಗಾಳಿ ಸಾಲು ಸಾಲು ಗೆರೆ ಎಳೆಯುತ್ತಿತ್ತು. ಅದನ್ನು ನೋಡುತ್ತ ನೀನು ನಗುನಗುತ್ತಲೇ ಕೇಳಿದೆ: "ಅಪ್ಪ ಮೊದ್ಲಿಂದ್ಲೂ ಗಡಿಬಿಡಿ ಮನುಷ್ಯ ಅಲ್ವಾ ಮಾವ? ಒಂದ್ ಗ್ಲೌಸ್ ಸರಿಯಾಗಿ ಹಾಕ್ಕಂಡಿದ್ರೆ ಇವತ್ತು ಉಳಿ ಅವ್ರ ಕೈಲೇ ಇರ್ತಿತ್ತು."

ನಾನು "ಹೌದು" ಅಂದೆ. ಅವನ ಎದುರಿಗೇ ಅಂದೆ.

ಅವನು ನೀರು ನೋಡುತ್ತಿದ್ದ. ಆಮೇಲೆ ದೇವಸ್ಥಾನದಲ್ಲಿ ನೀನು ಹಣ್ಣುಕಾಯಿ ತರಲು ಹೋದಾಗ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ:

"ನೀ ಅರ್ಧಕ್ಕೇ ತಿರುಗಿದ್ದು ನಂಗ್ ಅವತ್ತೇ ಗೊತ್ತು ಮಾರಾಯ. ಏಣಿನ ಮೂತಿ ನೋಡಿ ದಿಕ್ಕು ಹಿಡ್ಕಂಡು ಅರ್ಧ ದಾರಿ ಬಂದೆ. ಅಷ್ಟ್ರಲ್ಲಿ ಮಬ್ಬು ದಟ್ಟಾಗಿ ಇತ್ಲಾಗಿನ್ ಬಾವುಟಾನೂ ಕಾಣ್ದಂಗಾಯ್ತು. ಆಮೇಲೆ ಕಾಲಿಗೆ ನಿನ್ ಹೆಜ್ಜೆ ಎಡವ್ತು. ಗವ್ಸು ಹಾಕಿದ್ರೆ ಯಾವ್ದು ಏಣು, ಯಾವ್ದು ಹೆಜ್ಜೆ ಗೊತ್ತಾಗ್ತಿರ್ಲಿಲ್ಲ. ಬಿಚ್ಚಿದೆ. ಒಂದೊಂದೇ ತಡವ್ಕಂಡು ಮನೆ ಮುಟ್ಟಿದೆ. ನೀನು ಅಷ್ಟಾದ್ರೂ ನಡ್ದಿದ್ಯಲ್ಲ, ಬಿಡು."

ಬಿಡು ಅಂದ. ಹೇಗೆ ಬಿಡಲಿ? ಅವನು ಬೆರಳು ಕೊಟ್ಟು ತಡವಿಕೊಂಡು ಬಂದ ಹೆಜ್ಜೆಗಳನ್ನೇ ನಾನು ಸಲಿಕೆಯಿಂದ ಒಡೆದು ಬಂದವನು. ಅದೊಂದು ಅವನಿಗೆ ಈಗಲೂ ಗೊತ್ತಿಲ್ಲ.

ಭಾನುವಾರ ಸಾಗರಕ್ಕೆ ಬರುತ್ತೇನೆ. ನೀನು ಕೆತ್ತುತ್ತಿರು, ಅವನು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿರಲಿ. ಇದನ್ನು ನಿಮ್ಮಿಬ್ಬರ ಮುಂದೆ ನಾನೇ ಓದುತ್ತೇನೆ. ಆಮೇಲೆ ನೀನು ನನ್ನನ್ನು ಮಾವ ಅನ್ನುವುದನ್ನು ಬಿಟ್ಟರೂ ಸರಿ, ಬಾಗಿಲು ತೋರಿಸಿದರೂ ಸರಿ. ಅವನನ್ನು ಮಾತ್ರ ಇನ್ನೊಮ್ಮೆ ಗಡಿಬಿಡಿ ಮನುಷ್ಯ ಅನ್ನಬೇಡ, ಮಗಳೇ.