ಮುಂದಿನ ಸಾಲಿನ ಕುರ್ಚಿ

ನಾವು ಅವರನ್ನು ಕಾಫಿಯ ಅಕ್ಕ ಎಂದೇ ಕರೆಯುತ್ತಿದ್ದೆವು. ಬೆಂಕಿಯಲ್ಲಿ ಮಡಿದ ಸಿಬ್ಬಂದಿಯ ಮನೆಯವರನ್ನು ಕರೆಸಿ ಅರಸೀಕೆರೆಯ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ವರ್ಷಕ್ಕೊಮ್ಮೆ ಸ್ಮರಣೆ ಮಾಡುವ ದಿನ, ಎಲ್ಲರಿಗೂ ಕಾಫಿ ಕೊಡುವವರು ಅವರೇ. ಅವರ ಗಂಡ ಅದೇ ಠಾಣೆಯ ನೌಕರರು. ಲೋಟ ಕೊಡುವಾಗಲೂ ಅಕ್ಕನ ಕಣ್ಣು ಶೆಡ್ಡಿನಲ್ಲಿ ನಿಂತ ಕೆಂಪು ಗಾಡಿಯ ಮೇಲಿರುತ್ತಿತ್ತು. ಕೂರಿ ಎಂದರೆ ಒಂದೇ ಮಾತು: “ನಾನು ನಿಂತ್ಕಂಡೇ ಇರ್ತೀನಿ ಬಿಡಿ.”

ಆ ವರ್ಷ ವಂದನಾರ್ಪಣೆ ಸಂಘಟಕರಲ್ಲಿ ಒಬ್ಬಳಾದ ನನ್ನ ಪಾಲಿಗೆ ಬಂತು. ಸ್ವಯಂಸೇವಕರ ಹೆಸರು ಓದಿ ಕಳಿಸಿಬಿಡುವುದು ನನಗೆ ಸರಿ ಕಾಣಲಿಲ್ಲ. ಮಡಿದವರ ಮನೆಯವರು ಊಟಕ್ಕೆ ಎದ್ದ ಮೇಲೆ, ಅವರು ಕೂತಿದ್ದ ಮುಂದಿನ ಸಾಲಿನಲ್ಲೇ ಅಕ್ಕನಂಥ ಸ್ವಯಂಸೇವಕರನ್ನು ಕೂರಿಸಿ ತೆಂಗಿನಕಾಯಿ, ವೀಳ್ಯದೆಲೆ ಕೊಡತೊಡಗಿದೆ. ಅಕ್ಕ ಹಿಂದೆ ಸರಿದರು.

“ಆ ಕುರ್ಚಿ ಬ್ಯಾಡ ಮೇಡಂ. ಅದ್ರಲ್ಲಿ ಯಾರು ಕೂರ್ತಾರೆ ಅಂತ ಗೊತ್ತಲ್ಲ.”

ಸಂಕೋಚ ಎಂದುಕೊಂಡ ನಾನು ಭುಜ ಹಿಡಿದು ಕೂರಿಸಿಯೇಬಿಟ್ಟೆ.

ಕಾಯಿ ಅವರ ಕೈ ಸೇರುವ ಮೊದಲೇ ಠಾಣೆಯ ಗಂಟೆ ಹೊಡೆಯಿತು. ತೆಂಗಿನ ನಾರಿನ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಗಾಡಿ ಹೊರಟಿತು, ಅವರ ಗಂಡ ಅದರಲ್ಲಿದ್ದರು.

ಅಕ್ಕ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಗೇಟಿಗೆ ಹೋಗಿ ನಿಂತರು. ನನಗೆ ಶಕುನ, ಅಪಶಕುನಗಳಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಕಾಯಿ ಹಿಡಿದುಕೊಂಡು ಸಂಜೆಯವರೆಗೂ ಅವರ ಪಕ್ಕದಲ್ಲೇ ನಿಂತೆ. ಕೊನೆಗೆ ಗಾಡಿ ಬಂತು. ಮಸಿ ಮೆತ್ತಿದ ಮುಖಗಳು ಒಂದೊಂದಾಗಿ ಇಳಿದವು. ಅವರ ಗಂಡ ಎಲ್ಲರಿಗಿಂತ ಕೊನೆಗೆ ಇಳಿದರು.

ಅಕ್ಕ ಆಗ ನನ್ನ ಕೈಯಿಂದ ಕಾಯಿ ತಗೊಂಡರು. “ಸುಸ್ತಾಗಿದೀರಾ. ಕೂತ್ಕಳಿ ಮೇಡಂ.”

ಅಂಗಳದಲ್ಲಿ ಉಳಿದಿದ್ದು ಆ ಮುಂದಿನ ಸಾಲಿನ ಕುರ್ಚಿಗಳು ಮಾತ್ರ. ನನ್ನ ಗಂಡ ಬ್ಯಾಂಕಿನಲ್ಲಿ ಗುಮಾಸ್ತರು, ಬೆಂಕಿಯ ಹತ್ತಿರ ಹೋಗುವವರೇ ಅಲ್ಲ. ಆದರೂ ಆ ಕುರ್ಚಿಯತ್ತ ಹೋಗಲಿಲ್ಲ.

“ನಾನು ನಿಂತ್ಕೊಂಡೇ ಇರ್ತೀನಿ ಬಿಡಿ,” ಎಂದೆ.